ಬೂಷ್ಟು ಹಿಡಿಯದ ಹಬ್ಬದ ಪರಿಮಳ: ಲಾವಂಚದ ತೋರಣ, ಸುಗಂಧದ ಚೀಲ, ಲವಂಗದ ಮೋಸಂಬಿ

ಹಬ್ಬ ಹತ್ತಿರವಾದಂತೆ ಓದುಗರಿಂದ ಬರುವ ಪ್ರಶ್ನೆಗಳು ಹೆಚ್ಚೂಕಡಿಮೆ ಇವೇ. ಕಿತ್ತಳೆಗೆ ಲವಂಗ ಚುಚ್ಚಿಟ್ಟೆ, ಐದನೇ ದಿನಕ್ಕೆ ಬೂಷ್ಟು ಬಂತು, ಯಾಕೆ? ಮಲ್ಲಿಗೆ ಒಣಗಿಸಿ ಚೀಲ ಮಾಡಿದೆ, ಘಮವೇ ಇಲ್ಲ, ಯಾಕೆ? ಅಡುಗೆ ಸೋಡಾಕ್ಕೆ ಸುಗಂಧದ ಎಣ್ಣೆ ಬೆರೆಸಿಟ್ಟೆ, ಮೂರು ದಿನಕ್ಕೆ ವಾಸನೆ ಮಾಯ, ಯಾಕೆ?

ಮೊದಲನೆಯದಕ್ಕೆ ಕಾರಣ ತೇವ. ಉಳಿದೆರಡಕ್ಕೆ ಕಾರಣ, ಘಮ ಅವುಗಳಲ್ಲಿ ನಿಲ್ಲದಿರುವುದು. ಹುಡುಕಿದರೆ ಸಿಗುವ ವಿಧಾನಗಳಲ್ಲಿ ಹೆಚ್ಚಿನವು ಚಳಿದೇಶದ ಮನೆಗಳಿಗೆ ಹೇಳಿದವು. ಅಲ್ಲಿ ಚಳಿಗಾಲದಲ್ಲಿ ಹೀಟರ್ ಉರಿಯುವ ಕೋಣೆಯ ಗಾಳಿ ತಾನಾಗಿಯೇ ಒಣಗಿರುತ್ತದೆ, ಹಣ್ಣನ್ನು ಮೇಜಿನ ಮೇಲಿಟ್ಟರೂ ಸಾಕು, ಕೊಳೆಯುವ ಮೊದಲೇ ಒಣಗುತ್ತದೆ. ನಮ್ಮ ಕರಾವಳಿಯಲ್ಲಿ, ಮಲೆನಾಡಿನಲ್ಲಿ, ಮಳೆ ಹಿಡಿದ ಬೆಂಗಳೂರಿನಲ್ಲೂ ಹಾಗಾಗುವುದಿಲ್ಲ. ಇಲ್ಲಿ ಒಣಗಿಸುವುದೇ ಮುಖ್ಯ ಕೆಲಸ, ಉಳಿದದ್ದು ಕಟ್ಟುವುದು, ತುಂಬುವುದು ಅಷ್ಟೇ. ಆದ್ದರಿಂದ ಈ ಲೇಖನದಲ್ಲಿ ಒಣಗಿಸುವುದಕ್ಕೆ ಹೆಚ್ಚು ಜಾಗ ಕೊಟ್ಟಿದೆ. ದಯವಿಟ್ಟು ಆ ಭಾಗವನ್ನು ಹಾರಿಸಿ ಮುಂದೆ ಹೋಗಬೇಡಿ.

ಯಾವ ಹಬ್ಬಕ್ಕೆ ಏನು ಮಾಡಬಹುದು ಎಂಬುದನ್ನು ಮೊದಲೇ ತಿಳಿದಿರಿ. ಗೌರಿ ಗಣೇಶ ಮಳೆಯ ನಡುವೆ ಬರುವ ಹಬ್ಬ. ಆಗ ಹಣ್ಣು ಒಣಗಿಸಲು ಹೋಗಬೇಡಿ, ಲಾವಂಚದ ತೋರಣ ಮತ್ತು ಸ್ಪ್ರೇ ಮಾತ್ರ ಮಾಡಿ. ದಸರಾ, ದೀಪಾವಳಿಗೆ ಲಾವಂಚದ ಜೊತೆ ಸುಗಂಧದ ಚೀಲಗಳನ್ನು ಸೇರಿಸಬಹುದು. ಬಾಗಿನಕ್ಕೆ, ಗೊಂಬೆ ನೋಡಲು ಬಂದವರಿಗೆ ಕೊಡಲು ಇವು ಚೆನ್ನ. ಲವಂಗ ಚುಚ್ಚಿದ ಮೋಸಂಬಿ, ಒಣ ಕಿತ್ತಳೆ ಬಿಲ್ಲೆಗಳ ಸರ ಕ್ರಿಸ್‌ಮಸ್ಸಿಗೆ ಮತ್ತು ಸಂಕ್ರಾಂತಿಗೆ ಸರಿ. ಗಾಳಿ ಒಣಗಿರುವ ಕಾಲ ಅದು.

1. ಮೊದಲು ಮನೆಯ ಕೆಟ್ಟ ವಾಸನೆ ತೆಗೆಯಿರಿ

ಮುಗ್ಗಲು ವಾಸನೆಯ ಮೇಲೆ ಪರಿಮಳ ಸುರಿದರೆ ಮುಗ್ಗಲು ಹೋಗುವುದಿಲ್ಲ, ಎರಡೂ ಸೇರಿ ಮೂರನೆಯ, ಇನ್ನೂ ಕೆಟ್ಟ ವಾಸನೆ ಹುಟ್ಟುತ್ತದೆ. ಗೋಡೆಯಲ್ಲಿ ನೀರು ಜಿನುಗುತ್ತಿದೆಯೇ, ಬೀರುವಿನ ಹಿಂಬದಿ ತೇವ ಇದೆಯೇ, ಸಿಂಕಿನ ಕೆಳಗಿನ ಪೈಪು ಸೋರುತ್ತಿದೆಯೇ ಎಂದು ನೋಡಿ, ಅದನ್ನು ಸರಿಮಾಡಿ. ಬೀರು, ಶೂ ಗೂಡು, ಫ್ರಿಜ್ಜಿನೊಳಗೆ ಅಗಲ ಬಟ್ಟಲಿನಲ್ಲಿ 100 ಗ್ರಾಂ ಅಡುಗೆ ಸೋಡಾ ಹರಡಿ ಎರಡು ದಿನ ಇಡಿ. ಹುಳಿ ವಾಸನೆಗಳನ್ನು ಸೋಡಾ ತಕ್ಕಮಟ್ಟಿಗೆ ತೆಗೆಯುತ್ತದೆ, ಯಾಕೆಂದರೆ ಅವುಗಳಲ್ಲಿ ಆಮ್ಲ ಇರುತ್ತದೆ, ಸೋಡಾ ಕ್ಷಾರ. ಅದರ ಕೆಲಸ ಅಷ್ಟೇ. ಸುಗಂಧವನ್ನು ಹಿಡಿದಿಡುವ ಗುಣ ಸೋಡಾಕ್ಕಿಲ್ಲ. ಅದಕ್ಕೆ ಎಣ್ಣೆ ಬೆರೆಸುವುದು ದುಬಾರಿ ಎಣ್ಣೆಯನ್ನು ಗಾಳಿಗೆ ತೂರಿದಂತೆ.

2. ಸಾಮಾನು ಹೊಂದಿಸಿಕೊಳ್ಳಿ

ಬೇಕಾದ ವಸ್ತುಗಳಲ್ಲಿ ಮುಕ್ಕಾಲು ಪಾಲು ಗ್ರಂಧಿಗೆ ಅಂಗಡಿಯಲ್ಲಿ ಸಿಗುತ್ತವೆ. ಬೇರು, ತೊಗಟೆ, ಮೂಲಿಕೆ ಮಾರುವ ಈ ಅಂಗಡಿಗಳು ಹಳೆಯ ಪೇಟೆ ಇರುವ ಊರುಗಳಲ್ಲೆಲ್ಲ ಇವೆ. ಕೊಳ್ಳುವಾಗ ನೋಡಬೇಕಾದ ಸೂಕ್ಷ್ಮಗಳು ಹೀಗಿವೆ.

ಲಾವಂಚ. ಕೆಲವೆಡೆ ಮುಡಿವಾಳ ಎನ್ನುತ್ತಾರೆ. ಎಣ್ಣೆ ತೆಗೆದು ಬಿಸಾಕುವ ಬೇರು ಸಹ ನೋಡಲು ಹೀಗೇ ಇರುತ್ತದೆ, ಆದರೆ ಅದರಲ್ಲಿ ಘಮ ಇರುವುದಿಲ್ಲ. ನಾಲ್ಕು ಎಳೆ ತೆಗೆದು ಒದ್ದೆ ಬೆರಳಿನಿಂದ ಉಜ್ಜಿ ಮೂಸಿ ನೋಡಿ. ಮೊದಲ ಮಳೆಗೆ ನೆಂದ ಮಣ್ಣಿನ, ಅದರ ಹಿಂದೆಯೇ ಸ್ವಲ್ಪ ಸಿಹಿಯಾದ ಮರದ ವಾಸನೆ ಬಂದರೆ ಕೊಳ್ಳಿ. ಬರೀ ಹುಲ್ಲಿನ ವಾಸನೆ ಬಂದರೆ ಬೇಡ. ಕಡ್ಡಿಯಂಥ ದಪ್ಪ ಬೇರಿಗಿಂತ ಉದ್ದನೆಯ ತೆಳು ಬೇರು ಹೆಣೆಯಲು ಸುಲಭ.

ಹೂ ಮತ್ತು ಎಲೆ. ಒಣಗಿದ ಮೇಲೂ ಘಮ ಉಳಿಸಿಕೊಳ್ಳುವ ಹೂಗಳು ಬೆರಳೆಣಿಕೆಯವು, ನಮ್ಮ ಅದೃಷ್ಟಕ್ಕೆ ಅವು ನಮ್ಮ ಸುತ್ತಲೇ ಇವೆ. ಸುರಗಿಯ ಮೊಗ್ಗನ್ನು ಒಣಗಿಸಿ ಪೋಣಿಸಿಟ್ಟರೆ ತಿಂಗಳುಗಟ್ಟಲೆ ಇರುತ್ತದೆ. ಬೆಳಗಿನ ಜಾವ ಮರದಡಿ ಉದುರಿ ಬಿದ್ದಿರುವ ರಂಜಲು, ಅಂದರೆ ಬಕುಳದ ಹೂವೂ ಹಾಗೆಯೇ. ಸುರಗಿ ಬೇಸಿಗೆಯ ಆರಂಭದ ಹೂ, ಆಗಲೇ ಒಣಗಿಸಿ ಡಬ್ಬಿಗೆ ತುಂಬಿಟ್ಟರೆ ದಸರೆಗೆ ಒದಗುತ್ತದೆ. ದವನ ಮತ್ತು ಮರುಗ ಒಣಗಿದರೂ ಘಮಘಮಿಸುತ್ತವೆ. ಪಚ್ಚೆತೆನೆಯ ಎಲೆಗೆ ಒಣಗಿದ ಮೇಲೆಯೇ ನಿಜವಾದ ಪರಿಮಳ. ಗುಲಾಬಿಯಲ್ಲಿ ಮಾಲೆಗೆ ಕಟ್ಟುವ ಸಣ್ಣ ನಾಟಿ ಗುಲಾಬಿ ಅಥವಾ ಪನ್ನೀರು ಗುಲಾಬಿಯನ್ನೇ ತನ್ನಿ. ಉದ್ದ ಕಾಂಡದ ಬೊಕೆ ಗುಲಾಬಿಯಲ್ಲಿ ಬಣ್ಣ ಉಂಟು, ವಾಸನೆ ಇಲ್ಲ.

ಮಲ್ಲಿಗೆ ಬೇಡ. ಮೈಸೂರು, ಉಡುಪಿ, ಹಡಗಲಿ ಮೂರೂ ಮಲ್ಲಿಗೆಗಳಿಗೆ ಭೌಗೋಳಿಕ ಸೂಚಿಕೆಯ ಮಾನ್ಯತೆ ಇರುವ ನಾಡು ನಮ್ಮದು. ಹಾಗಿರುವಾಗ ಮಲ್ಲಿಗೆ ಬೇಡ ಎಂದರೆ ಬೇಸರವಾಗುವುದು ಸಹಜ. ಆದರೆ ಮಲ್ಲಿಗೆಯ ಘಮ ಎಸಳಿನಲ್ಲಿ ಕೂಡಿಟ್ಟದ್ದಲ್ಲ, ಹೂ ಅರಳುತ್ತ ಅರಳುತ್ತ ಹೊಸದಾಗಿ ಹುಟ್ಟುವಂಥದು. ಕಿತ್ತ ಮೇಲೂ ಜೀವ ಇರುವ ತನಕ ಸೂಸುತ್ತಲೇ ಇರುತ್ತದೆ, ಬಾಡಿದ ಮೇಲೆ ಏನೂ ಉಳಿಯುವುದಿಲ್ಲ. ಅದನ್ನು ಹಸಿಯಾಗಿಯೇ ಮುಡಿಯಿರಿ, ದೇವರಿಗೆ ಏರಿಸಿ.

ಮಸಾಲೆ. ಚಕ್ಕೆ, ಲವಂಗ, ಏಲಕ್ಕಿ, ಚಕ್ರಮೊಗ್ಗು. ಲವಂಗವನ್ನು ಉಗುರಿನಿಂದ ಒತ್ತಿದರೆ ಎಣ್ಣೆ ಜಿನುಗಬೇಕು, ತಲೆಯ ಮೇಲಿನ ಗುಂಡು ಉದುರಿರಬಾರದು. ಚಕ್ರಮೊಗ್ಗು ಕೇಳಿದರೆ ಮರಾಟಿ ಮೊಗ್ಗು ಕೊಟ್ಟಾರು, ಅದು ಬೇರೆ ವಸ್ತು, ಈ ಕೆಲಸಕ್ಕೆ ಬಾರದು. ಏಲಕ್ಕಿ ಬಿಡಿಸಿ ಬಳಸಿದ ಮೇಲೆ ಉಳಿಯುವ ಸಿಪ್ಪೆ ಇದ್ದರೆ ಎಸೆಯಬೇಡಿ, ಚೀಲಕ್ಕೆ ಅದು ಸಾಕು.

ಹಿಡಿದಿಡುವ ವಸ್ತು. ಸುಗಂಧದ ಕಸುಬಿನಲ್ಲಿ ಇದಕ್ಕೆ ಫಿಕ್ಸೇಟಿವ್ ಎನ್ನುತ್ತಾರೆ. ಬೇಗ ಹಾರಿಹೋಗುವ ಪರಿಮಳವನ್ನು ಅಂಟಿಸಿಕೊಂಡು ನಿಧಾನವಾಗಿ ಬಿಡುವ, ತಾನೂ ನಿಧಾನವಾಗಿ ಆವಿಯಾಗುವ ಪದಾರ್ಥ ಅದು. ವಿದೇಶಿ ವಿಧಾನಗಳಲ್ಲಿ ಐರಿಸ್ ಗಿಡದ ಗೆಡ್ಡೆಯ ಪುಡಿ ಹೇಳಿರುತ್ತಾರೆ. ಅದಕ್ಕಾಗಿ ಅಲೆಯಬೇಕಾಗಿಲ್ಲ, ಸಾಂಬ್ರಾಣಿ ಗಟ್ಟಿಯ ಪುಡಿ ಅದೇ ಕೆಲಸ ಮಾಡುತ್ತದೆ. ಲಾವಂಚ, ಪಚ್ಚೆತೆನೆ ಎರಡಕ್ಕೂ ಈ ಗುಣ ಇದೆ. ಶ್ರೀಗಂಧಕ್ಕೂ ಇದೆ, ಸುಗಂಧದ ಉದ್ಯಮದಲ್ಲಿ ಅದಕ್ಕೆ ಅಷ್ಟು ಬೆಲೆ ಬರಲು ಇದೂ ಒಂದು ಕಾರಣ. ಆದರೆ ಅಗ್ಗದಲ್ಲಿ ಸಿಗುವ ಗಂಧದ ಪುಡಿ ಶುದ್ಧವಾಗಿರುವ ಸಂಭವ ಕಡಿಮೆ, ಆ ದುಡ್ಡಿಗೆ ಒಳ್ಳೆಯ ಲಾವಂಚ ಕೊಳ್ಳಿ. ಸಾಂಬ್ರಾಣಿ ಕೊಳ್ಳುವಾಗ ಇದ್ದಿಲು ಬೆರೆಸಿದ ಕಪ್ಪು ಕಪ್‌ಗಳು ಬೇಡ, ಹರಳು ಹರಳಾದ ಗಟ್ಟಿಯನ್ನೇ ಕೇಳಿ. ಕುಟ್ಟುವ ಮೊದಲು ಅರ್ಧ ಗಂಟೆ ಫ್ರೀಜರಿನಲ್ಲಿಡಿ, ಇಲ್ಲದಿದ್ದರೆ ಕುಟ್ಟಾಣಿಗೆ ಅಂಟಿಕೊಳ್ಳುತ್ತದೆ.

ಎಣ್ಣೆ. ಎಸೆನ್ಶಿಯಲ್ ಆಯಿಲ್ ಎಂದರೆ ಗಿಡದಿಂದಲೇ ಇಳಿಸಿದ ಸಾರ. ಫ್ರೇಗ್ರೆನ್ಸ್ ಆಯಿಲ್ ಎಂದರೆ ಪ್ರಯೋಗಾಲಯದಲ್ಲಿ ಕೂಡಿಸಿದ ಸುಗಂಧ. ಎರಡನ್ನೂ ಬಳಸಬಹುದು, ಆದರೆ ಒಂದರ ಬೆಲೆ ಕೊಟ್ಟು ಇನ್ನೊಂದನ್ನು ತರಬೇಡಿ. ಒಂದು ಹನಿಯನ್ನು ಬಿಳಿ ಕಾಗದದ ಮೇಲೆ ಹಾಕಿ ಮಾರನೆಯ ದಿನ ನೋಡಿ. ನಿಂಬೆಹುಲ್ಲು, ಕಿತ್ತಳೆ, ನೀಲಗಿರಿಯಂಥ ತೆಳು ಎಣ್ಣೆಗಳು ಜಿಡ್ಡಿನ ಕಲೆ ಉಳಿಸಬಾರದು. ಉಳಿಸಿದರೆ ಅಡುಗೆ ಎಣ್ಣೆಯಂಥದೇನೋ ಬೆರೆಸಿದ್ದಾರೆ ಎಂದು ಅರ್ಥ. ಲಾವಂಚ, ಪಚ್ಚೆತೆನೆಯ ದಪ್ಪ ಎಣ್ಣೆಗಳಿಗೆ ಈ ಪರೀಕ್ಷೆ ನಡೆಯದು, ಅವು ಶುದ್ಧವಾಗಿದ್ದರೂ ಕಲೆ ಬಿಡುತ್ತವೆ.

ಇವಲ್ಲದೆ ಒಂದು ಅಡುಗೆಮನೆಯ ಡಿಜಿಟಲ್ ತಕ್ಕಡಿ, ಬಿಗಿ ಮುಚ್ಚಳದ ಗಾಜಿನ ಜಾಡಿ, ದಬ್ಬಣ, ಹತ್ತಿ ದಾರ, ತೆಳು ಮಲ್ ಬಟ್ಟೆ ಬೇಕು. ತಕ್ಕಡಿ ಅನಗತ್ಯ ಎಂದುಕೊಳ್ಳಬೇಡಿ. ಒಣಗಿದೆಯೋ ಇಲ್ಲವೋ ಎಂದು ಕಣ್ಣು ಮೋಸ ಹೋಗುತ್ತದೆ, ತೂಕ ಮೋಸ ಹೋಗುವುದಿಲ್ಲ.

3. ಒಣಗಿಸುವುದು

ಹೂ, ಎಲೆಗಳನ್ನು ನೆರಳಿನಲ್ಲೇ ಒಣಗಿಸಿ. ಬಿಸಿಲಿಗೆ ಹಾಕಿದರೆ ಬಣ್ಣ ಹೋಗುತ್ತದೆ, ಜೊತೆಗೆ ಯಾವ ಎಣ್ಣೆಗಾಗಿ ಒಣಗಿಸುತ್ತೀರೋ ಆ ಎಣ್ಣೆಯೇ ಹಾರುತ್ತದೆ. ಗುಲಾಬಿಯ ಎಸಳು ಬಿಡಿಸಿ, ಮೊರದ ಮೇಲೆ ಹತ್ತಿ ಬಟ್ಟೆ ಹಾಸಿ ಒಂದರ ಮೇಲೊಂದು ಬೀಳದಂತೆ ಹರಡಿ. ಮೊರವನ್ನು ನೆಲಕ್ಕಿಡಬೇಡಿ, ಎರಡು ಇಟ್ಟಿಗೆಯ ಮೇಲಿಡಿ, ಕೆಳಗಿನಿಂದಲೂ ಗಾಳಿಯಾಡಲಿ. ಮಳೆಗಾಲವಾದರೆ ಫ್ಯಾನಿನ ಕೆಳಗಿಡಿ. ದಿನಕ್ಕೆರಡು ಸಲ ಕೈಯಾಡಿಸಿ. ನ್ಯೂಸ್‌ಪೇಪರ್ ಹಾಸುವವರಿದ್ದಾರೆ, ಶಾಯಿಯ ವಾಸನೆ ಎಸಳಿಗೆ ಹತ್ತುತ್ತದೆ, ಬೇಡ. ದವನ, ಪಚ್ಚೆತೆನೆಯನ್ನು ಹತ್ತು ಹತ್ತು ಕಡ್ಡಿಯ ಸಣ್ಣ ಕಟ್ಟು ಮಾಡಿ ತಲೆಕೆಳಗಾಗಿ ನೇತುಹಾಕಿ. ದೊಡ್ಡ ಕಟ್ಟು ಮಾಡಿದರೆ ನಡುವಿನ ಎಲೆ ಕಪ್ಪಾಗುತ್ತದೆ.

ಒಣ ಹವೆಯಲ್ಲಿ ಇದಕ್ಕೆಲ್ಲ 4ರಿಂದ 6 ದಿನ ಸಾಕು. ತೇವದ ಹವೆಯಲ್ಲಿ ಹತ್ತು ದಿನವಾದರೂ ಎಸಳು ಬಟ್ಟೆಯಂತೆ ಮೆತ್ತಗೇ ಇದ್ದರೆ ಕೊನೆಯ ಹಂತಕ್ಕೆ ಓವನ್ ಬಳಸಿ. ಓವನ್ನನ್ನು ಕನಿಷ್ಠ ಉಷ್ಣತೆಗೆ 5 ನಿಮಿಷ ಕಾಯಿಸಿ, ಆರಿಸಿ, ಆಮೇಲೆ ತಟ್ಟೆ ಒಳಗಿಟ್ಟು ಬಾಗಿಲು ಮುಚ್ಚಿ. ತಣ್ಣಗಾದ ಮೇಲೆ ಮತ್ತೆ ಹಾಗೇ ಮಾಡಿ. ಓವನ್ ಉರಿಯುತ್ತಿರುವಾಗ ಎಸಳು ಒಳಗಿಡಬೇಡಿ. ಮೈಕ್ರೋವೇವಿನಲ್ಲಂತೂ ಬೇಡವೇ ಬೇಡ, ಒಣಗಿದ ಸಿಪ್ಪೆ, ಹೂ ಅದರೊಳಗೆ ಹೊತ್ತಿಕೊಳ್ಳುವ ಅಪಾಯ ಇದೆ.

ಮೋಸಂಬಿ, ಕಿತ್ತಳೆಯ ಸಿಪ್ಪೆ ಒಣಗಿಸುವಾಗ ಒಳಗಿನ ಬಿಳಿ ಭಾಗವನ್ನು ಚಮಚದಿಂದ ಕೆರೆದು ತೆಗೆಯಿರಿ. ಎಣ್ಣೆಯ ಚೀಲಗಳು ಇರುವುದು ಹೊರಗಿನ ಬಣ್ಣದ ಪದರದಲ್ಲಿ, ನೀರು ಹಿಡಿದುಕೊಳ್ಳುವುದು ಬಿಳಿ ಭಾಗ. ಕೆರೆಯದೆ ಒಣಗಿಸಿದ ಸಿಪ್ಪೆ ಹೊರಗೆ ಗರಿಗರಿ ಕಂಡರೂ ಒಳಗೆ ಹಸಿಯಾಗಿರುತ್ತದೆ, ಚೀಲದೊಳಗೆ ಹೋಗಿ ಉಳಿದದ್ದನ್ನೂ ಕೆಡಿಸುತ್ತದೆ.

ಕಿತ್ತಳೆ ಬಿಲ್ಲೆಗಳಿಗೆ ಹಣ್ಣನ್ನು 5 ಮಿಲಿಮೀಟರ್ ದಪ್ಪಕ್ಕೆ ಅಡ್ಡಡ್ಡ ಕೊಯ್ಯಿರಿ, ಬೀಜ ತೆಗೆದು ಬಟ್ಟೆಯಿಂದ ಒತ್ತಿ ರಸ ಹೀರಿ. ಓಟಿಜಿ ಎಂಬ ಚಿಕ್ಕ ವಿದ್ಯುತ್ ಓವನ್ನಿನಲ್ಲಿ 100 ಡಿಗ್ರಿಯಲ್ಲಿ, ತಟ್ಟೆಯ ಬದಲು ಜಾಲರಿಯ ಮೇಲೆ, ಬಾಗಿಲಿನ ಸಂದಿಗೆ ಮರದ ಚಮಚ ಸಿಕ್ಕಿಸಿ ಆವಿ ಹೊರಹೋಗಲು ಬಿಟ್ಟು 3ರಿಂದ 4 ಗಂಟೆ ಒಣಗಿಸಿ. ಅರ್ಧ ಗಂಟೆಗೊಮ್ಮೆ ತಿರುವಿ. ಬೇಗ ಆಗಲಿ ಎಂದು 130ಕ್ಕೆ ಏರಿಸಿದರೆ ಸಕ್ಕರೆ ಸುಟ್ಟು ಬಿಲ್ಲೆ ಕಂದಾಗಿ ಕಮಟು ವಾಸನೆ ಬರುತ್ತದೆ. ಬಯಲುಸೀಮೆಯ ಜನವರಿಯ ಬಿಸಿಲಾದರೆ ಓವನ್ ಬೇಡ, ಮೇಲೆ ಬಲೆ ಮುಚ್ಚಿ 4ರಿಂದ 5 ದಿನ ಇಡಿ, ಸಂಜೆ ಇಬ್ಬನಿಗೆ ಮೊದಲು ಒಳಗೆ ತನ್ನಿ.

ಒಣಗಿತೋ ಇಲ್ಲವೋ ತಿಳಿಯಲು ಎಲ್ಲಕ್ಕಿಂತ ನಂಬಬಹುದಾದ ಪರೀಕ್ಷೆ ಇದು. ಸಂಜೆ ಒಂದು ಹಿಡಿಯನ್ನು ಗಾಜಿನ ಜಾಡಿಗೆ ಹಾಕಿ ಬಿಗಿಯಾಗಿ ಮುಚ್ಚಿ. ಬೆಳಿಗ್ಗೆ ನೋಡಿ. ಗಾಜಿನ ಒಳಮೈ ಮಂಜಾಗಿದ್ದರೆ, ಅಥವಾ ನಿನ್ನೆ ಗರಿಗರಿ ಇದ್ದ ಎಸಳು ಇಂದು ಬಾಗುತ್ತಿದ್ದರೆ, ಒಳಗೆ ನೀರಿನ್ನೂ ಇದೆ. ಮತ್ತೆ ಹರಡಿ. ಗುಲಾಬಿಯ ತೂಕ ಹಸಿಯಿದ್ದಾಗಿನ ಐದನೇ ಒಂದು ಭಾಗಕ್ಕಿಂತ ಕೆಳಗಿಳಿಯಬೇಕು, ಕಿತ್ತಳೆ ಸಿಪ್ಪೆಯದು ಮೂರನೇ ಒಂದು ಭಾಗಕ್ಕಿಂತ ಕೆಳಗೆ.

4. ಸುಗಂಧದ ಚೀಲ

ಇದು 250 ಗ್ರಾಂ ಮಿಶ್ರಣದ ಲೆಕ್ಕ, ಹತ್ತು ಚೀಲಕ್ಕೆ ಆಗುತ್ತದೆ. ಎಲ್ಲವೂ ಒಣಗಿದ ತೂಕ.

ಸಣ್ಣಗೆ ಕತ್ತರಿಸಿದ ಲಾವಂಚ 60 ಗ್ರಾಂ
ಗುಲಾಬಿ ಎಸಳು 40 ಗ್ರಾಂ
ಮೋಸಂಬಿ ಸಿಪ್ಪೆ 40 ಗ್ರಾಂ
ದವನ 30 ಗ್ರಾಂ
ಪಚ್ಚೆತೆನೆ ಎಲೆ 20 ಗ್ರಾಂ
ಒಡೆದ ಚಕ್ಕೆ 20 ಗ್ರಾಂ
ಸಾಂಬ್ರಾಣಿ ಪುಡಿ 20 ಗ್ರಾಂ
ಲವಂಗ 10 ಗ್ರಾಂ
ಏಲಕ್ಕಿ ಸಿಪ್ಪೆ 10 ಗ್ರಾಂ

ಚಕ್ಕೆ, ಲವಂಗವನ್ನು ನುಣ್ಣಗೆ ಪುಡಿ ಮಾಡಬೇಡಿ. ಪುಡಿಯಾದರೆ ಘಮ ಒಂದೇ ವಾರಕ್ಕೆ ಹಾರುತ್ತದೆ, ಬಟ್ಟೆಯಿಂದ ಹೊರಬಂದು ಸೀರೆಗೆ ಕಲೆಯನ್ನೂ ಮಾಡುತ್ತದೆ. ಕುಟ್ಟಾಣಿಯಲ್ಲಿ ಎರಡೇಟು ಹಾಕಿ, ಬಿರುಕು ಬಿಟ್ಟರೆ ಸಾಕು. ಮೊದಲು ಸಾಂಬ್ರಾಣಿ ಪುಡಿಯನ್ನು ಲಾವಂಚದ ತುಂಡುಗಳಿಗೆ ಬೆರೆಸಿ. ಎಣ್ಣೆ ಹಾಕುವುದಿದ್ದರೆ ಈ ಹಂತದಲ್ಲೇ 20 ಹನಿ, ಅಂದರೆ ಸುಮಾರು ಒಂದು ಮಿಲಿ, ಇದರ ಮೇಲೆ ಹಾಕಿ ಕಲಸಿ. ಎಸಳಿನ ಮೇಲೆ ನೇರವಾಗಿ ಹಾಕಿದರೆ ಎಸಳು ಒದ್ದೆಯಾಗಿ ಮುದ್ದೆಯಾಗುತ್ತದೆ. ಆಮೇಲೆ ಉಳಿದದ್ದನ್ನೆಲ್ಲ ಸೇರಿಸಿ ಜಾಡಿಗೆ ಮುಕ್ಕಾಲು ಭಾಗ ತುಂಬಿ ಮುಚ್ಚಿ, ಕತ್ತಲಲ್ಲಿಡಿ.

ಮೊದಲ ದಿನ ಮೂಸಿದರೆ ಲವಂಗ ಒಂದೇ ಮುಂದೆ ಬಂದು ಮೂಗಿಗೆ ಹೊಡೆಯುತ್ತದೆ. ಗಾಬರಿಯಾಗಬೇಡಿ, ಏನನ್ನೂ ಸೇರಿಸಲೂ ಬೇಡಿ. ದಿನಕ್ಕೊಮ್ಮೆ ಜಾಡಿ ಅಲುಗಿಸಿ. ಎರಡರಿಂದ ಮೂರು ವಾರದಲ್ಲಿ ಘಮಗಳು ಒಂದರೊಳಗೊಂದು ಸೇರಿಕೊಳ್ಳುತ್ತವೆ, ಆಗ ಬರುವ ವಾಸನೆ ಮೊದಲ ದಿನದ್ದಕ್ಕಿಂತ ತೀರಾ ಬೇರೆ, ತೀರಾ ಮೃದು. ಈ ಮೂರು ವಾರ ಬಿಟ್ಟುಬಿಟ್ಟರೆ ಚೀಲದಿಂದ ಸಾಂಬಾರು ಪುಡಿಯ ಡಬ್ಬಿಯ ವಾಸನೆ ಬರುತ್ತದೆ. ದಸರೆಗೆ ಬೇಕಿದ್ದರೆ ಗಣೇಶನ ಹಬ್ಬ ಮುಗಿದ ಕೂಡಲೇ ಜಾಡಿ ತುಂಬಿ.

ಮಲ್ ಬಟ್ಟೆಯಲ್ಲಿ 8 ಸೆಂಟಿಮೀಟರ್ ಅಗಲ, 10 ಸೆಂಟಿಮೀಟರ್ ಉದ್ದದ ಚೀಲ ಹೊಲಿದು 25 ಗ್ರಾಂ ತುಂಬಿ. ಹಳೆಯ ಹತ್ತಿ ಸೀರೆ, ಪಂಚೆಯ ಬಟ್ಟೆ ಇದಕ್ಕೆ ಬಹಳ ಚೆನ್ನ. ಪಾಲಿಯೆಸ್ಟರ್ ಬಟ್ಟೆಯ ಚೀಲದಿಂದ ಘಮ ಸರಿಯಾಗಿ ಹೊರಬಾರದು.

5. ಲಾವಂಚದ ತೋರಣ

ಕರಾವಳಿಯಲ್ಲಿ ಲಾವಂಚದಿಂದ ಬೀಸಣಿಗೆ, ಹಾರ, ದೇವರ ಮೂರ್ತಿ ಮಾಡುವ ನುರಿತ ಕೈಗಳಿವೆ. ಅಷ್ಟು ನಾಜೂಕು ಇಲ್ಲದಿದ್ದರೂ ತೋರಣ ಯಾರಿಗೂ ಬರುತ್ತದೆ. 90 ಸೆಂಟಿಮೀಟರ್ ಅಗಲದ ಬಾಗಿಲಿಗೆ 150ರಿಂದ 200 ಗ್ರಾಂ ಬೇರು ಬೇಕು.

ಮೊದಲು ತೊಳೆಯಿರಿ. ಬೇರನ್ನು ತಣ್ಣೀರಿನಲ್ಲಿ 15 ನಿಮಿಷ ನೆನೆಸಿ, ಮೆಲ್ಲಗೆ ಅಲುಗಿಸಿ, ನೀರು ಚೆಲ್ಲಿ. ಮೂರು ನಾಲ್ಕು ಸಲ ಹೀಗೆ ಮಾಡಿದ ಮೇಲೆ ಕೆಂಪು ನೀರು ತಿಳಿಯಾಗುತ್ತದೆ. ಉಜ್ಜಬೇಡಿ, ಘಮ ಇರುವುದು ಬೇರಿನ ತೊಗಟೆಯಲ್ಲಿ. ಬಿಸಿನೀರು, ಸೋಪು ಎರಡೂ ಬೇಡ.

ನೆರಳಿನಲ್ಲಿ ಅರ್ಧ ಒಣಗಿಸಿ. ಪೂರ್ತಿ ಒದ್ದೆ ಇದ್ದಾಗ ಕಟ್ಟಿದರೆ ಒಣಗಿದ ಮೇಲೆ ಬೇರು ಸೊರಗಿ ಕಟ್ಟು ಸಡಿಲವಾಗುತ್ತದೆ, ಪೂರ್ತಿ ಒಣಗಿದಾಗ ಹೆಣೆದರೆ ಬೇರು ಮುರಿಯುತ್ತದೆ. ಬೆರಳಿಗೆ ಸುತ್ತಿದರೆ ಮುರಿಯದೆ ಸುತ್ತಬೇಕು, ಮುಟ್ಟಿದರೆ ಅಂಗೈ ಒದ್ದೆಯಾಗಬಾರದು. ಅದು ಹದ.

ಕಿರುಬೆರಳಿನ ದಪ್ಪಕ್ಕೆ, 20 ಸೆಂಟಿಮೀಟರ್ ಉದ್ದಕ್ಕೆ ಎಳೆಗಳನ್ನು ಜೋಡಿಸಿ, ದಪ್ಪ ತುದಿಗಳೆಲ್ಲ ಒಂದೇ ಕಡೆ ಬರಲಿ. ಆ ತುದಿಯಿಂದ ಎರಡು ಬೆರಳು ಕೆಳಗೆ ಹತ್ತಿ ದಾರವನ್ನು ಐದಾರು ಸುತ್ತು ಬಿಗಿಯಾಗಿ ಸುತ್ತಿ ಗಂಟು ಹಾಕಿ. ಮೂರು ಪಾಲು ಮಾಡಿ ಜಡೆಯಂತೆ ಹೆಣೆದು, ತುದಿಯಲ್ಲಿ ನಾಲ್ಕು ಬೆರಳು ಹಾಗೇ ಕುಚ್ಚಿನಂತೆ ಬಿಟ್ಟು ಮತ್ತೊಂದು ಗಂಟು ಹಾಕಿ. ಒಂದು ಕುಚ್ಚು ಸುಮಾರು 10 ಗ್ರಾಂ ತೂಗುತ್ತದೆ. ಇಂಥ 16 ಕುಚ್ಚುಗಳನ್ನು 6 ಸೆಂಟಿಮೀಟರಿಗೊಂದರಂತೆ ಹತ್ತಿಯ ಹುರಿಗೆ ಕಟ್ಟಿ. ಕುಚ್ಚುಗಳ ನಡುವೆ ಒಣ ಸುರಗಿಯ ಅಥವಾ ರಂಜಲಿನ ಸರ, ಚಕ್ರಮೊಗ್ಗು, ಚಕ್ಕೆಯ ತುಂಡು ಪೋಣಿಸಬಹುದು. ತಂತಿ ಬಳಸಬೇಡಿ, ತೇವಕ್ಕೆ ತುಕ್ಕು ಹಿಡಿದು ಬೇರಿಗೆ ಕಲೆಯಾಗುತ್ತದೆ. ಮಾವಿನ ಎಲೆಯ ತೋರಣ ಬೇರೆಯಾಗಿ ಮೇಲಿರಲಿ, ಹಸಿ ಎಲೆಯನ್ನು ಲಾವಂಚಕ್ಕೆ ತಾಗಿಸಿ ಕಟ್ಟಿದರೆ ತಾಗಿದ ಕಡೆ ಬೂಷ್ಟು ಬರುತ್ತದೆ.

ಹಬ್ಬದ ಬೆಳಿಗ್ಗೆ ಸ್ಪ್ರೇ ಬಾಟಲಿಯಿಂದ ನೀರು ಚಿಮುಕಿಸಿ. ನೀರು ತಾಗಿದ ಕೂಡಲೇ ಬೇರು ಘಮ ಬಿಡುತ್ತದೆ, ಗಾಳಿ ಬೀಸಿದಾಗ ಮನೆಯೊಳಗೆಲ್ಲ ಹರಡುತ್ತದೆ. ಕುಚ್ಚಿನಿಂದ ತೊಟ್ಟಿಕ್ಕುವಷ್ಟು ಹಾಕಬೇಡಿ, ಮೇಲ್ಮೈ ತೇವವಾದರೆ ಸಾಕು. ಸಂಜೆಯೊಳಗೆ ಪೂರ್ತಿ ಒಣಗಬೇಕು. ಒಣಗದಂಥ ಮಳೆ ಇದ್ದರೆ ಅಂದು ನೀರು ಹಾಕಬೇಡಿ, ಅಂಥ ಹವೆಯಲ್ಲಿ ಗಾಳಿಯ ತೇವವೇ ಘಮ ಎಬ್ಬಿಸುತ್ತದೆ. ಕ್ರಿಸ್‌ಮಸ್ಸಿಗೆ ಗೋದಲಿ ಕಟ್ಟುವವರು ಒಣಹುಲ್ಲಿನ ಜೊತೆ ಒಂದು ಹಿಡಿ ತೊಳೆದು ಒಣಗಿಸಿದ ಲಾವಂಚ ಹಾಸಿ ನೋಡಿ, ಬಣ್ಣವೂ ಹೊಂದುತ್ತದೆ, ಇಡೀ ಮೂಲೆ ಘಮ್ಮೆನ್ನುತ್ತದೆ.

6. ಲವಂಗ ಚುಚ್ಚಿದ ಮೋಸಂಬಿ

ಯುರೋಪಿನ ಕ್ರಿಸ್‌ಮಸ್ ಅಲಂಕಾರದ ಹಳೆಯ ಪದ್ಧತಿ ಇದು, ಪೊಮಾಂಡರ್ ಎಂದು ಹೆಸರು. ಅಲ್ಲಿ ಬಳಸುವುದು ತಿರುಳಿಗೆ ಸಿಪ್ಪೆ ಬಿಗಿಯಾಗಿ ಅಂಟಿಕೊಂಡಿರುವ ಕಿತ್ತಳೆ. ನಮ್ಮ ಕೊಡಗಿನ ಕಿತ್ತಳೆ, ನಾಗಪುರದ ಕಿತ್ತಳೆ ಎರಡೂ ಸಡಿಲ ಸಿಪ್ಪೆಯವು. ಸಿಪ್ಪೆಗೂ ತೊಳೆಗೂ ನಡುವೆ ಖಾಲಿ ಜಾಗ ಇರುವುದರಿಂದ ಲವಂಗ ನೆಟ್ಟಗೆ ನಿಲ್ಲುವುದಿಲ್ಲ, ಆ ಖಾಲಿಯಲ್ಲೇ ರಸ ಸೇರಿ ಕೊಳೆ ಶುರುವಾಗುತ್ತದೆ. ಬೂಷ್ಟು ಬಂತು ಎಂದು ಕೇಳುವವರಲ್ಲಿ ಬಹುಪಾಲು ಜನ ಎಡವಿರುವುದು ಇಲ್ಲಿಯೇ. ಮೋಸಂಬಿ ತೆಗೆದುಕೊಳ್ಳಿ. 6ರಿಂದ 7 ಸೆಂಟಿಮೀಟರ್ ಅಡ್ಡಳತೆಯ, ಗಟ್ಟಿಯಾದ, ಗಾಯವಿಲ್ಲದ ಹಣ್ಣು ಬೇಕು. ಗಾತ್ರ ದೊಡ್ಡದಾದಷ್ಟೂ ಒಣಗುವುದು ತಡ.

ಕೆಲಸ ಶುರು ಮಾಡುವ ದಿನ ಗೊತ್ತುಮಾಡಿಕೊಳ್ಳಿ. ಒಣಗಲು ಬಯಲುಸೀಮೆಯಲ್ಲಿ 3ರಿಂದ 5 ವಾರ ಬೇಕು. ಕ್ರಿಸ್‌ಮಸ್ಸಿಗಾದರೆ ನವೆಂಬರ್ ಮಧ್ಯದೊಳಗೆ ಚುಚ್ಚಿ ಮುಗಿಸಿ.

ಹಣ್ಣನ್ನು ತೊಳೆದು ಪೂರ್ತಿ ಒರೆಸಿ. ರಿಬ್ಬನ್ ಕಟ್ಟುವ ಜಾಗಕ್ಕೆ ಅಡ್ಡ, ಉದ್ದ ಎರಡು ಪಟ್ಟಿ ಅಂಟುಟೇಪು ಸುತ್ತಿ. ಲವಂಗವನ್ನು ಬರಿ ಬೆರಳಿನಿಂದ ಒತ್ತಬೇಡಿ, ಇಪ್ಪತ್ತನೆಯದಕ್ಕೆ ಬೆರಳ ತುದಿ ನೋಯುತ್ತದೆ, ಲವಂಗದ ತಲೆಯೂ ಮುರಿಯುತ್ತದೆ. ದಬ್ಬಣದಿಂದ ತೂತು ಮಾಡಿ, ತೂತಿನಿಂದ ಸಿಪ್ಪೆಯ ಎಣ್ಣೆ ಸಣ್ಣ ತುಂತುರಾಗಿ ಚಿಮ್ಮುತ್ತದೆ, ಮುಖ ಸ್ವಲ್ಪ ದೂರ ಇರಲಿ. ಕಣ್ಣಿಗೆ ಬಿದ್ದರೆ ಉರಿ ಜೋರು. ತೂತಿಗೆ ಲವಂಗ ಇಳಿಸಿ, ತಲೆ ಸಿಪ್ಪೆಗೆ ತಾಗುವ ತನಕ ಒತ್ತಿ. ಎರಡು ಲವಂಗದ ತಲೆಗಳ ನಡುವೆ 3 ಮಿಲಿಮೀಟರ್ ಬಿಡಿ. ಹಣ್ಣು ಸೊರಗಿದಾಗ ತಲೆಗಳು ತಾವೇ ಹತ್ತಿರ ಬರುತ್ತವೆ, ಮೊದಲೇ ಒತ್ತೊತ್ತಾಗಿದ್ದರೆ ಸಿಪ್ಪೆ ಸೀಳುತ್ತದೆ.

ಪೂರ್ತಿ ಹಣ್ಣು ಮುಚ್ಚಲು 25ರಿಂದ 30 ಗ್ರಾಂ ಲವಂಗ ಬೇಕು. ಸುರುಳಿ, ನಕ್ಷತ್ರದಂಥ ಚಿತ್ತಾರ ಮಾಡಿದರೆ 10 ಗ್ರಾಂ, ಅಂದರೆ ಸುಮಾರು ನೂರು ಲವಂಗ ಸಾಕು. ಚಿತ್ತಾರ ಕಣ್ಣಿಗೆ ಚೆನ್ನ, ಆದರೆ ಲವಂಗದ ಎಣ್ಣೆಯೇ ಬೂಷ್ಟನ್ನು ತಡೆಯುವುದು, ಲವಂಗ ಕಡಿಮೆಯಾದಷ್ಟೂ ಕಾವಲು ಕಡಿಮೆ. ಕರಾವಳಿಯವರು ಪೂರ್ತಿ ಮುಚ್ಚಿ. ಬಯಲುಸೀಮೆಯವರು ಚಿತ್ತಾರ ಮಾಡಿ. ಶುರು ಮಾಡಿದ ಹಣ್ಣನ್ನು ಅದೇ ದಿನ ಮುಗಿಸಿ, ತೂತು ಬಿದ್ದ ಹಣ್ಣು ರಾತ್ರಿಯಿಡೀ ಹಾಗೇ ಇರಬಾರದು.

ಟೇಪು ತೆಗೆಯಿರಿ. ಚಕ್ಕೆ ಪುಡಿ 2 ದೊಡ್ಡ ಚಮಚ, ಲವಂಗದ ಪುಡಿ, ಸಾಂಬ್ರಾಣಿ ಪುಡಿ, ಲಾವಂಚದ ಪುಡಿ ಒಂದೊಂದು ಚಿಕ್ಕ ಚಮಚ ಬೆರೆಸಿ ಹಣ್ಣನ್ನು ಅದರಲ್ಲಿ ಹೊರಳಿಸಿ. ತೂಗಿ, ತೂಕ ಬರೆದಿಡಿ. ಆಮೇಲೆ ತೆರೆದ ಕಾಗದದ ಚೀಲದಲ್ಲಿ, ಗಾಳಿಯಾಡುವ ಕಡೆ ಇಡಿ. ಪ್ಲಾಸ್ಟಿಕ್ ಡಬ್ಬಿಯಲ್ಲಿಟ್ಟರೆ ಮೂರು ದಿನಕ್ಕೇ ಕೆಡುತ್ತದೆ. ದಿನಕ್ಕೊಮ್ಮೆ ತಿರುಗಿಸಿ, ಒಂದೇ ಮಗ್ಗುಲಲ್ಲಿ ಬಿಟ್ಟರೆ ಕೆಳಗಿನ ಭಾಗ ಮೆತ್ತಗಾಗುತ್ತದೆ. ಮೋಡ ಕವಿದ ದಿನ ಓವನ್ನನ್ನು ಕಾಯಿಸಿ ಆರಿಸಿ, ಆ ಬಿಸಿಯಲ್ಲಿ ಒಂದು ಗಂಟೆ ಇಡಿ.

ತೂಕ ಮೊದಲಿನ ಮೂರನೇ ಒಂದು ಭಾಗಕ್ಕೆ ಇಳಿದು, ಬೆರಳಿನಿಂದ ತಟ್ಟಿದರೆ ಒಣ ಕೊಬ್ಬರಿ ಗಿಟುಕಿನಂತೆ ಟೊಳ್ಳು ಸದ್ದು ಬಂದರೆ ಸಿದ್ಧವಾಯಿತು. ಬಿಳಿ ಅಥವಾ ಹಸಿರು ಬೂಷ್ಟು ಕಂಡರೆ ಒರೆಸಿ ಉಳಿಸಿಕೊಳ್ಳಲು ಹೋಗಬೇಡಿ, ಅದು ಒಳಗೂ ಹಬ್ಬಿರುತ್ತದೆ. ಆ ಹಣ್ಣನ್ನು ಉಳಿದವುಗಳಿಂದ ಕೂಡಲೇ ಬೇರೆ ಮಾಡಿ ಎಸೆಯಿರಿ.

7. ಸ್ಪ್ರೇ ಮತ್ತು ಜೆಲ್

100 ಮಿಲಿ ಸ್ಪ್ರೇಗೆ 70 ಶೇಕಡಾ ಐಸೊಪ್ರೊಪೈಲ್ ಆಲ್ಕೋಹಾಲ್ 50 ಮಿಲಿ, ಡಿಸ್ಟಿಲ್ಡ್ ನೀರು 50 ಮಿಲಿ, ಎಣ್ಣೆ 30 ಹನಿ. ಮೊದಲು ಎಣ್ಣೆಯನ್ನು ಆಲ್ಕೋಹಾಲಿಗೆ ಹಾಕಿ ಕುಲುಕಿ, ಆಮೇಲೆ ನೀರು ಸೇರಿಸಿ. ನೀರು ಬಿದ್ದಾಗ ಹಾಲಿನಂತೆ ಮಸುಕಾದರೆ ತಪ್ಪೇನಿಲ್ಲ, ಪ್ರತಿ ಸಲ ಕುಲುಕಿ ಬಳಸಿ. ಬರೀ ನೀರಿಗೆ ಎಣ್ಣೆ ಹಾಕಿದರೆ ಎಣ್ಣೆ ಮೇಲೆ ತೇಲುತ್ತದೆ, ಕೊಳವೆ ತಳದ ನೀರನ್ನೇ ಎಳೆಯುತ್ತದೆ, ಕೊನೆಗೆ ಉಳಿದ ಬರಿ ಎಣ್ಣೆ ಒಮ್ಮೆಲೇ ಪರದೆಯ ಮೇಲೆ ಬೀಳುತ್ತದೆ. ಬೋರ್‌ವೆಲ್ಲಿನ ಗಡಸು ನೀರು ಬೇಡ, ಬಿಳಿ ಚುಕ್ಕೆ ಉಳಿಯುತ್ತದೆ. ರೇಷ್ಮೆ, ಪಾಲಿಶ್ ಮಾಡಿದ ಮರ, ಅಮೃತಶಿಲೆಯ ಮೇಲೆ ಹೊಡೆಯಬೇಡಿ. ಕಿತ್ತಳೆ, ನಿಂಬೆಯ ಎಣ್ಣೆ ಥರ್ಮೋಕೋಲನ್ನು ಕರಗಿಸುತ್ತದೆ, ಮಂಟಪ ಥರ್ಮೋಕೋಲಿನದಾದರೆ ದೂರವಿಡಿ.

ಜೆಲ್ಲಿಗೆ ಅಗರ್ ಅಗರ್ ಪುಡಿ 5 ಗ್ರಾಂ, ನೀರು 250 ಮಿಲಿ, ಉಪ್ಪು 15 ಗ್ರಾಂ, ಎಣ್ಣೆ 60 ಹನಿ. ಅಗರ್ ಎಂದರೆ ಸಮುದ್ರದ ಪಾಚಿಯಿಂದ ಬರುವ ಚೈನಾ ಗ್ರಾಸ್, ಜೆಲಾಟಿನ್ ಬಳಸದ ಸಸ್ಯಾಹಾರಿ ಮನೆಗಳಿಗೆ ಸರಿಹೊಂದುತ್ತದೆ. ನೀರಿಗೆ ಅಗರ್ ಹಾಕಿ 3 ನಿಮಿಷ ಚೆನ್ನಾಗಿ ಕುದಿಸಿ, ಬರೀ ಬಿಸಿಯಾದರೆ ಕರಗದು, ಕುದಿಯಲೇಬೇಕು. ಉಪ್ಪು ಹಾಕಿ ಇಳಿಸಿ. ಪಾತ್ರೆಯನ್ನು ಒಂದು ಕ್ಷಣ ಮುಟ್ಟಲು ಆಗುವಷ್ಟು, ಸುಮಾರು 55 ಡಿಗ್ರಿಗೆ ಇಳಿದಾಗ ಎಣ್ಣೆ ಬೆರೆಸಿ ಕೂಡಲೇ ಬಾಟಲಿಗೆ ಸುರಿಯಿರಿ. ಅದಕ್ಕೆ ಮೊದಲು ಹಾಕಿದರೆ ಎಣ್ಣೆ ಆವಿಯಾಗುತ್ತದೆ, 40ಕ್ಕೆ ಇಳಿದರೆ ಪಾತ್ರೆಯಲ್ಲೇ ಗಟ್ಟಿಯಾಗುತ್ತದೆ. ಬಣ್ಣ ಹಾಕಬೇಡಿ, ಮಕ್ಕಳು ತಿನ್ನುವ ಜೆಲ್ಲಿ ಎಂದುಕೊಳ್ಳುತ್ತಾರೆ. ತೂತಿರುವ ಮುಚ್ಚಳ ಬಿಗಿಯಾಗಿರಲಿ. ಉಪ್ಪು ಬೂಷ್ಟನ್ನು ತಡ ಮಾಡುತ್ತದೆಯೇ ಹೊರತು ತಪ್ಪಿಸುವುದಿಲ್ಲ, ಎರಡು ವಾರಕ್ಕೆ ಎಸೆದು ಹೊಸದು ಮಾಡಿ.

ನೆಂಟರು ಅರ್ಧ ಗಂಟೆಯಲ್ಲಿ ಬರುತ್ತಾರೆ, ಏನೂ ಮಾಡಿಟ್ಟಿಲ್ಲ ಎಂದಾದರೆ, ಒಂದು ಲೀಟರ್ ನೀರಿಗೆ ಒಂದು ಮೋಸಂಬಿಯ ಸಿಪ್ಪೆ, ಎರಡು ತುಂಡು ಚಕ್ಕೆ, ಆರು ಲವಂಗ, ಒಂದು ದಂಟು ನಿಂಬೆಹುಲ್ಲು ಹಾಕಿ ಅತಿ ಸಣ್ಣ ಉರಿಯಲ್ಲಿಡಿ. ಅಡುಗೆಮನೆ ಬಿಟ್ಟು ಹೋಗಬೇಡಿ, ನೀರು ಬತ್ತಿದರೆ ಸುಟ್ಟ ವಾಸನೆ ದಿನವಿಡೀ ಉಳಿಯುತ್ತದೆ.

8. ದೀಪ, ಮಕ್ಕಳು, ಬೆಕ್ಕು

ಒಣಗಿದ ಬೇರು, ಎಸಳು, ಲವಂಗ ಎಲ್ಲವೂ ಬೇಗ ಹೊತ್ತಿಕೊಳ್ಳುತ್ತವೆ. ದೀಪಾವಳಿಯ ಹಣತೆ ಸಾಲಿನ ಮೇಲೆ ತೋರಣ ತೂಗಬಾರದು, ದೀಪಕ್ಕೂ ಕುಚ್ಚಿಗೂ ನಡುವೆ ಕನಿಷ್ಠ ಒಂದು ಮೀಟರ್ ಅಂತರ ಇರಲಿ. ಗಾಳಿಗೆ ಕುಚ್ಚು ಎಷ್ಟು ದೂರ ತೂಗಾಡುತ್ತದೆ ಎಂದು ನೋಡಿ ಅಂತರ ಲೆಕ್ಕ ಹಾಕಿ. ಆಲ್ಕೋಹಾಲ್ ಇರುವ ಸ್ಪ್ರೇಯನ್ನು ದೀಪ ಹಚ್ಚುವ ಮೊದಲೇ ಹೊಡೆದು ಮುಗಿಸಿ, ಹತ್ತು ನಿಮಿಷ ಬಿಟ್ಟು ದೀಪ ಹಚ್ಚಿ. ಉರಿಯುವ ದೀಪ, ಊದುಬತ್ತಿ, ಒಲೆ ಇರುವ ಕೋಣೆಯಲ್ಲಿ ಅದನ್ನು ಬಳಸಲೇಬೇಡಿ.

ಪರಿಮಳಕ್ಕೆಂದು ನುಸಿಗುಳಿಗೆ ಇಡುವ ಅಭ್ಯಾಸ ದಯವಿಟ್ಟು ಬಿಡಿ. ಅದರಲ್ಲಿರುವ ನಾಫ್ತಲೀನ್, ಜಿ6ಪಿಡಿ ಎಂಬ ಕಿಣ್ವದ ಕೊರತೆ ಇರುವ ಮಕ್ಕಳಲ್ಲಿ ಕೆಂಪು ರಕ್ತಕಣಗಳನ್ನು ಒಡೆಯುತ್ತದೆ. ಅದರ ಜೊತೆ ಇಟ್ಟಿದ್ದ ಬಟ್ಟೆಯನ್ನು ಎಳೆ ಮಗುವಿಗೆ ತೊಡಿಸುವುದೂ ಅಪಾಯವೇ. ಪೂಜೆಯ ಕರ್ಪೂರವೂ ಮಗುವಿನ ಕೈಗೆ ಸಿಗುವಂತಿರಬಾರದು. ಬಿಲ್ಲೆ ನುಂಗಿದ ಸ್ವಲ್ಪ ಹೊತ್ತಿನಲ್ಲೇ ಫಿಟ್ಸ್ ಬರಬಹುದು, ತಡಮಾಡದೆ ಆಸ್ಪತ್ರೆಗೆ ಕರೆದೊಯ್ಯಬೇಕು. ಎಣ್ಣೆಯ ಬಾಟಲಿಗಳನ್ನು ಬೀಗ ಹಾಕಿದ ಕಪಾಟಿನಲ್ಲಿಡಿ.

ಮನೆಯಲ್ಲಿ ಬೆಕ್ಕಿದ್ದರೆ ಲವಂಗ, ಚಕ್ಕೆಯ ಎಣ್ಣೆಯ ಸ್ಪ್ರೇ, ಡಿಫ್ಯೂಸರ್ ಬೇಡ. ಇಂಥ ಎಣ್ಣೆಗಳನ್ನು ಒಡೆದು ಹೊರಹಾಕುವ ಶಕ್ತಿ ಬೆಕ್ಕಿನ ಯಕೃತ್ತಿಗೆ ತೀರಾ ಕಡಿಮೆ, ಮೈಮೇಲೆ ಬಿದ್ದದ್ದನ್ನು ನೆಕ್ಕಿದರೂ ವಿಷವಾಗುತ್ತದೆ. ಲಾವಂಚದ ತೋರಣವನ್ನು ಅದಕ್ಕೆ ಎಟುಕದಂತೆ ಕಟ್ಟಿ. ಅಸ್ತಮಾ ಇರುವವರ ಕೋಣೆಯಲ್ಲಿ ಏನನ್ನೂ ಇಡುವ ಮೊದಲು ಅವರನ್ನೇ ಕೇಳಿ. ಧೂಪದ ಹೊಗೆ ಗಾಳಿಯನ್ನು ಶುದ್ಧ ಮಾಡುತ್ತದೆ ಎಂಬ ಮಾತಿದೆ, ಆದರೆ ಹೊಗೆ ಯಾವುದಾದರೂ ಶ್ವಾಸಕೋಶಕ್ಕೆ ಹೊಗೆಯೇ. ಹಾಕಿದರೆ ಕಿಟಕಿ ತೆರೆದಿಡಿ.

9. ಹಬ್ಬ ಮುಗಿದ ಮೇಲೆ

ತೋರಣ ಇಳಿಸಿ, ಧೂಳು ಕೊಡವಿ, ಎರಡು ದಿನ ನೆರಳಿನಲ್ಲಿ ಒಣಗಿಸಿ ಹತ್ತಿ ಬಟ್ಟೆಯಲ್ಲಿ ಸುತ್ತಿ ಸೀರೆಯ ಬೀರುವಿನಲ್ಲಿಡಿ. ಮುಂದಿನ ವರ್ಷ ನೀರು ಚಿಮುಕಿಸಿದರೆ ಮತ್ತೆ ಘಮಿಸುತ್ತದೆ, ಎರಡು ಮೂರು ವರ್ಷ ಹೀಗೆ ಬರುತ್ತದೆ. ಚೀಲಗಳ ಘಮ ಇಳಿದಾಗ ಮೊದಲು ಅಂಗೈಯಲ್ಲಿ ಹಿಸುಕಿ, ಒಳಗಿನ ಬೇರು ಮುರಿದು ಹೊಸ ಘಮ ಬರುತ್ತದೆ. ಅದೂ ಸಾಲದಾದಾಗ ಬಿಚ್ಚಿ, ಒಂದು ಹರಳು ಸಾಂಬ್ರಾಣಿಯ ಪುಡಿ ಮತ್ತು ಎರಡು ಹನಿ ಎಣ್ಣೆ ಸೇರಿಸಿ ಒಂದು ವಾರ ಜಾಡಿಯಲ್ಲಿ ಮುಚ್ಚಿಟ್ಟು ಮತ್ತೆ ತುಂಬಿ. ಮೋಸಂಬಿಯನ್ನು ಕಾಗದದಲ್ಲಿ ಸುತ್ತಿ ಅಕ್ಕಿ ತುಂಬಿದ ಡಬ್ಬಿಯಲ್ಲಿ ಹೂತಿಡಿ, ಅಕ್ಕಿ ತೇವ ಹೀರುತ್ತದೆ. ಆ ಅಕ್ಕಿಯನ್ನು ಅಡುಗೆಗೆ ಬಳಸಬೇಡಿ, ಮುಂದಿನ ಬೇಸಿಗೆಯಲ್ಲಿ ಬಿಸಿಲಿಗೆ ಒಣಗಿಸಿ ಇದೇ ಕೆಲಸಕ್ಕೆ ಎತ್ತಿಡಿ.